ಕಾಫಿ ಯಂತ್ರದ ಧಾರೆ ಸಣ್ಣಗಾಯಿತೇ?

ಚಿಕ್ಕೋಡಿ, ರಾಯಬಾಗ, ಅಥಣಿ ಕಡೆ ಬೋರಿನ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕೂರುವುದನ್ನು ನೀವು ಕಂಡಿರಬಹುದು. ಮನೆಯ ಎಸ್ಪ್ರೆಸೊ ಯಂತ್ರದ ಕೊಳವೆಗಳಲ್ಲೂ ಅದೇ ಸುಣ್ಣ ಕಟ್ಟುತ್ತದೆ.

ಕಾಫಿ ಹನಿಹನಿಯಾಗಿ ಇಳಿದರೆ ಪುಡಿ ಹಾಕದೆ ಬರೀ ನೀರು ಬಿಟ್ಟು ನೋಡಿ. ಧಾರೆ ಸರಾಗವಾಗಿದ್ದರೆ ಪುಡಿ ತೀರಾ ನುಣ್ಣಗಿದೆ, ಇಲ್ಲವೇ ಹೆಚ್ಚು ಒತ್ತಿದ್ದೀರಿ. ನೀರೂ ಸಣ್ಣಗೆ ಬಂದರೆ ಜಾಲರಿ ತೊಳೆಯಿರಿ. ಆಗಲೂ ಸರಿಹೋಗದಿದ್ದರೆ, ಕೈಪಿಡಿ ಒಪ್ಪುವಂತಿದ್ದರೆ, 1 ಲೀಟರ್ ನೀರಿಗೆ 20 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ ಹಾಯಿಸಿ. ನಂತರ ಶುದ್ಧ ನೀರನ್ನು ಎರಡು ಮೂರು ಸಲ ಬಿಡಿ.

ಹಾಲು ನೊರೆಸುವ ಹಬೆ ಕೊಳವೆಯನ್ನು ಪ್ರತಿಸಲ ಒರೆಸಿ, ತುಸು ಹಬೆ ಬಿಡಿ. ಒಳಗುಳಿದ ಹಾಲಿನಲ್ಲಿ ರೋಗಾಣು ಬೆಳೆಯುತ್ತವೆ. ಒತ್ತಡ ಇಳಿಯುವ ಮುನ್ನ ಮುಚ್ಚಳ ಮಾತ್ರ ತೆರೆಯಬೇಡಿ. ಹಬೆ ಮುಖವನ್ನೇ ಸುಟ್ಟೀತು.

ನೀರನ್ನು ಕುದಿಸಿ, ಆರಿಸಿ, ಸೋಸಿ ತುಂಬಿದರೆ ಸುಣ್ಣ ಕಡಿಮೆಯಾಗುತ್ತದೆ.