ಈ ಸಲ ಕಪ್ ವಿನಿಪೆಗ್‌ಗೆ?

ಏಪ್ರಿಲ್ ತಿಂಗಳಲ್ಲಿ ಕಪ್ ಎಂದರೆ ಕನ್ನಡಿಗರಿಗೆ ಒಂದೇ ಅರ್ಥ. ಬೆಂಗಳೂರಿನಲ್ಲಿದ್ದರೂ ಅಷ್ಟೇ, ಪುಣೆಯಲ್ಲಿದ್ದರೂ ಅಷ್ಟೇ. ಆದರೆ ನನ್ನ ಹಾಗೆ ಕೆನಡಾದ ಕ್ಲೈಂಟ್‌ಗೆ ಕೆಲಸ ಮಾಡುವವರಿಗೆ ಈ ತಿಂಗಳು ಇನ್ನೊಂದು ಕಪ್ಪಿನ ಚಿಂತೆಯೂ ಸೇರಿಕೊಳ್ಳುತ್ತದೆ. ಅಮೆರಿಕ ಮತ್ತು ಕೆನಡಾದ ವೃತ್ತಿಪರ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಪ್ಲೇಆಫ್ ಇದೇ ಶನಿವಾರ, 2025ರ ಏಪ್ರಿಲ್ 19ರಂದು ಶುರುವಾಗುತ್ತದೆ. ಗೆದ್ದವರಿಗೆ ಸಿಗುವುದು ಸ್ಟಾನ್ಲಿ ಕಪ್. ಕೆನಡಾದ ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಸ್ಟಾನ್ಲಿ 1892ರಲ್ಲಿ ಕೊಟ್ಟ ಕಪ್ ಅದು.

ನಾನು ಹುಬ್ಬಳ್ಳಿಯವನು. ಏಳು ವರ್ಷಗಳಿಂದ ಪುಣೆಯಲ್ಲಿದ್ದೇನೆ. ನಮ್ಮ ಟೀಮ್ ನೋಡಿಕೊಳ್ಳುವುದು ವಿನಿಪೆಗ್ ನಗರದ ಒಂದು ವಿಮಾ ಕಂಪನಿಯ ಸಾಫ್ಟ್‌ವೇರ್. ಸಂಜೆ ಆರೂವರೆಗೆ ಶಿಫ್ಟ್ ಶುರು, ಮುಗಿಯುವುದು ನಸುಕಿನ ಮೂರೂವರೆಗೆ. ಆ ಕಡೆಯವರೊಂದಿಗೆ ಕಾಲ್ ಶುರುವಾದರೆ ಮೊದಲ ಐದು ನಿಮಿಷ ಹಿಂದಿನ ರಾತ್ರಿಯ ಪಂದ್ಯದ್ದೇ ಮಾತು. ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದವನು ಆಮೇಲೆ ಸ್ಕೋರ್ ನೋಡತೊಡಗಿದೆ, ಆಮೇಲೆ ಹೈಲೈಟ್ಸ್. ಈಗ ಆ ಊರಿನ ತಂಡ ವಿನಿಪೆಗ್ ಜೆಟ್ಸ್ ಸೋತರೆ ನನಗೂ ಚಹಾ ರುಚಿಸುವುದಿಲ್ಲ.

ಪ್ಲೇಆಫ್ ಬಂದಾಗ ನಮ್ಮ ಆಫೀಸಿನಲ್ಲೂ ಊಹೆಯ ಹಾಳೆ ಸುತ್ತುತ್ತದೆ. ಯಾವ ಸರಣಿ ಯಾರು ಗೆಲ್ಲುತ್ತಾರೆ, ಎಷ್ಟು ಪಂದ್ಯದಲ್ಲಿ ಎಂದು ಪ್ರತಿಯೊಬ್ಬರೂ ಬರೆದುಕೊಡಬೇಕು. ಕಡಿಮೆ ಅಂಕ ಬಂದವರು ಎಲ್ಲರಿಗೂ ಮಿಸಳ್ ಕೊಡಿಸಬೇಕು. ಪುಣೆಯಲ್ಲಿ ಇದಕ್ಕಿಂತ ಗಂಭೀರ ಪಂದ್ಯವಿಲ್ಲ.

ನಮ್ಮವರಿಗೆ ಹಾಕಿ ಎಂದರೆ ಕೊಡಗಿನ ಮೈದಾನ ನೆನಪಾಗುತ್ತದೆ. ಇದು ಬೇರೆಯೇ ಆಟ. ಪ್ರತಿ ತಂಡಕ್ಕೆ ಗೋಲ್‌ಕೀಪರ್ ಸೇರಿ ಆರು ಜನ, ಕಾಲಿಗೆ ಸ್ಕೇಟ್, ಚೆಂಡಿನ ಬದಲು ‘ಪಕ್’ ಎಂಬ ಕಪ್ಪು ರಬ್ಬರ್ ಬಿಲ್ಲೆ. ಫೋನಿನಲ್ಲಿ ಅವ್ವನಿಗೆ ಹೇಳಿದಾಗ, ‘ಬರ್ಫದ ಮ್ಯಾಲೆ ಹಾಕಿ ಆಡೋದು ಹ್ಯಾಂಗೋ? ಕಾಲು ಜಾರಿ ಬೀಳಂಗಿಲ್ಲೇನು?’ ಎಂದಳು. ‘ಬೀಳ್ತಾರ ಅವ್ವ, ಬಿದ್ದು ಎದ್ದು ಮತ್ತ ಆಡ್ತಾರ’ ಎಂದೆ.

ಲೀಗ್‌ನಲ್ಲಿ 32 ತಂಡಗಳು. ತಲಾ 82 ಪಂದ್ಯ ಆಡಿದ ಮೇಲೆ ಪೂರ್ವದಿಂದ 8, ಪಶ್ಚಿಮದಿಂದ 8 ತಂಡ ಪ್ಲೇಆಫ್‌ಗೆ ಬರುತ್ತವೆ. ನಮ್ಮ ಐಪಿಎಲ್ ಹಾಗೆ ಒಂದು ರಾತ್ರಿಯಲ್ಲಿ ಹಣೆಬರಹ ತೀರ್ಮಾನವಾಗುವುದಿಲ್ಲ. ಒಂದೊಂದು ಸುತ್ತಿನಲ್ಲೂ ಎದುರಾಳಿಯನ್ನು ನಾಲ್ಕು ಸಲ ಸೋಲಿಸಬೇಕು. ಅಂಥ ನಾಲ್ಕು ಸುತ್ತು, ಒಟ್ಟು 16 ಗೆಲುವು, ಸುಮಾರು ಎರಡು ತಿಂಗಳು. ಪಂದ್ಯ ಸಮವಾದರೆ ಪೆನಾಲ್ಟಿ ಹೊಡೆದು ಮುಗಿಸುವ ಪದ್ಧತಿ ಪ್ಲೇಆಫ್‌ನಲ್ಲಿಲ್ಲ. ಗೋಲು ಬೀಳುವ ತನಕ ಇಪ್ಪತ್ತಿಪ್ಪತ್ತು ನಿಮಿಷದ ಅವಧಿಗಳು ಮುಂದುವರಿಯುತ್ತವೆ.

ಇಷ್ಟು ದೀರ್ಘ ಪರೀಕ್ಷೆಯಲ್ಲಿ ಬಲಿಷ್ಠರೇ ಗೆಲ್ಲಬೇಕಲ್ಲ ಎನಿಸಬಹುದು. ಹಾಗಾಗುವುದಿಲ್ಲ. 2019ರಲ್ಲಿ ಟ್ಯಾಂಪಾ ಬೇ ತಂಡ 62 ಪಂದ್ಯ ಗೆದ್ದು ಬಂದು ಮೊದಲ ಸುತ್ತಿನಲ್ಲೇ ಕೊಲಂಬಸ್ ಎದುರು 0-4ರಲ್ಲಿ ಮನೆಗೆ ಹೋಯಿತು. 2023ರಲ್ಲಿ ಬೋಸ್ಟನ್ 65 ಗೆಲುವಿನ ದಾಖಲೆ ಮಾಡಿತು. ಫ್ಲಾರಿಡಾ ಮೇಲೆ 3-1ರಿಂದ ಮುಂದಿದ್ದೂ ಸೋತಿತು. ಲೀಗ್ ಹಂತದಲ್ಲಿ ಮೊದಲು ಬಂದು ಕಪ್ಪನ್ನೂ ಗೆದ್ದ ಕೊನೆಯ ತಂಡ 2013ರ ಶಿಕಾಗೊ. ಈ ಸಲ 116 ಅಂಕ ಗಳಿಸಿ ಮೊದಲು ಬಂದಿರುವುದು ನಮ್ಮ ವಿನಿಪೆಗ್. ತಂಡದ ಇತಿಹಾಸದಲ್ಲಿ ಇದೇ ಮೊದಲು. ಖುಷಿಪಡಬೇಕೋ ಹೆದರಬೇಕೋ ತಿಳಿಯುತ್ತಿಲ್ಲ ಎನ್ನುತ್ತಾರೆ ಆ ಕಡೆಯ ಗೆಳೆಯರು.

ಊರು ಬಿಟ್ಟ ತಂಡ

ಅವರ ಹೆದರಿಕೆ ಬರೀ ಆಟದ್ದಲ್ಲ. ವಿನಿಪೆಗ್ ನಗರದ ಜನಸಂಖ್ಯೆ ಏಳೂವರೆ ಲಕ್ಷ, ನಮ್ಮ ಹುಬ್ಬಳ್ಳಿ-ಧಾರವಾಡಕ್ಕಿಂತ ಕಡಿಮೆ. ಚಳಿಗಾಲದಲ್ಲಿ ಉಷ್ಣಾಂಶ ಮೈನಸ್ 30ಕ್ಕೆ ಇಳಿಯುತ್ತದೆ. ಇಂಥ ಊರಿನ ತಂಡ ನ್ಯೂಯಾರ್ಕ್, ಶಿಕಾಗೊ ಜತೆ ಒಂದೇ ಲೀಗ್‌ನಲ್ಲಿ ಆಡಬೇಕು. ಟಿಕೆಟ್ ಮಾರುವುದು ಕೆನಡಾ ಡಾಲರ್‌ನಲ್ಲಿ, ಆಟಗಾರರಿಗೆ ಸಂಬಳ ಕೊಡುವುದು ಅಮೆರಿಕದ ಡಾಲರ್‌ನಲ್ಲಿ. 1990ರ ದಶಕದಲ್ಲಿ ಆ ಲೆಕ್ಕ ತಾಳೆಯಾಗಲಿಲ್ಲ. 1995ರಲ್ಲಿ ತಂಡವನ್ನು ಉಳಿಸಿಕೊಳ್ಳಲು ಊರಿನ ಜನ ಬೀದಿಗಿಳಿದು ಹಣ ಕೂಡಿಸಿದರು, ಮಕ್ಕಳು ತಮ್ಮ ಹುಂಡಿಯ ಕಾಸು ಕೊಟ್ಟರು. ಆದರೂ 1996ರಲ್ಲಿ ತಂಡ ಅಮೆರಿಕದ ಫೀನಿಕ್ಸ್‌ಗೆ ಹೊರಟುಹೋಯಿತು. ಮರುಭೂಮಿಯ ನಡುವಿನ ಊರಿಗೆ ಐಸ್ ಹಾಕಿ!

ಹದಿನೈದು ವರ್ಷ ವಿನಿಪೆಗ್‌ಗೆ ತಂಡವಿರಲಿಲ್ಲ. 2011ರಲ್ಲಿ ಅಟ್ಲಾಂಟಾದ ತಂಡವನ್ನು ಕೊಂಡು ತಂದು ಅದಕ್ಕೆ ಹಳೆಯ ಹೆಸರನ್ನೇ ಇಟ್ಟರು. 13 ಸಾವಿರ ಸೀಸನ್ ಟಿಕೆಟ್ ಬೇಕೆಂದು ಕೇಳಿದಾಗ, ಸಾರ್ವಜನಿಕರಿಗೆ ಬಿಟ್ಟ ಪಾಲು ನಿಮಿಷಗಳಲ್ಲಿ ಖಾಲಿಯಾಯಿತು. ಆದರೆ ಕೋವಿಡ್ ನಂತರ ಲೆಕ್ಕ ಮತ್ತೆ ಇಳಿಯಿತು. ಕಳೆದ ವರ್ಷದ ಆರಂಭದಲ್ಲಿ ಸೀಸನ್ ಟಿಕೆಟ್‌ಗಳು ಒಂಬತ್ತೂವರೆ ಸಾವಿರದ ಆಸುಪಾಸಿಗೆ ಬಂದಿದ್ದವು. ಹೀಗೇ ಆದರೆ ಕಷ್ಟ ಎಂದು ತಂಡದ ಮುಖ್ಯಸ್ಥರೇ ಬಹಿರಂಗವಾಗಿ ಹೇಳಿದರು. ಅದೇ ವರ್ಷ, 1996ರಲ್ಲಿ ಹೋದ ಆ ಹಳೆಯ ತಂಡದ ಆಟಗಾರರು ಅರಿಜೋನಾವನ್ನೂ ಬಿಟ್ಟು ಯೂಟಾಕ್ಕೆ ಹೋದರು.

ಹೀಗಾಗಿ ಪ್ಲೇಆಫ್‌ನ ಪ್ರತಿ ತವರು ಪಂದ್ಯವೂ ಈ ಊರಿಗೆ ಮುಖ್ಯ. ಆಟಗಾರರ ಸಂಬಳ ಲೀಗ್ ಹಂತಕ್ಕೇ ಮುಗಿದಿರುತ್ತದೆ. ಅದರ ಮೇಲೆ ಬರುವ ಟಿಕೆಟ್ ಹಣ ತಂಡದ ಕೈಗೆ ಸಿಗುತ್ತದೆ. ನಾವು ಕೆಲಸಕ್ಕಾಗಿ ಊರು ಬಿಟ್ಟವರು. ಹುಬ್ಬಳ್ಳಿ ಅಲ್ಲೇ ಇದೆ, ಹಬ್ಬಕ್ಕೆ ಹೋಗಿ ಬರುತ್ತೇವೆ. ಅವರದು ತಾವು ಊರಲ್ಲೇ ಇದ್ದು, ತಮ್ಮದೆಂದುಕೊಂಡದ್ದು ಊರು ಬಿಡುವುದನ್ನು ನೋಡಿದ ನೋವು. ಇದು ತಿಳಿದ ಮೇಲೆ ನಾನು ವಿನಿಪೆಗ್ ಕಡೆಯವನಾದೆ.

ಮೊದಲ ಸುತ್ತು: ಪಶ್ಚಿಮ

ವಿನಿಪೆಗ್ ಎದುರಿಗೆ ಸೇಂಟ್ ಲೂಯಿಸ್. ಅಂಕಪಟ್ಟಿ ನೋಡಿದರೆ 20 ಅಂಕದ ವ್ಯತ್ಯಾಸ. ಆದರೆ ಸೀಸನ್ನಿನ ಕೊನೆಯಲ್ಲಿ ಸೇಂಟ್ ಲೂಯಿಸ್ ಸತತ 12 ಪಂದ್ಯ ಗೆದ್ದಿದೆ. 2019ರಲ್ಲಿ ಇದೇ ತಂಡ ವರ್ಷದ ಆರಂಭದಲ್ಲಿ ಲೀಗ್‌ನ ಕಟ್ಟಕಡೆಯ ಸ್ಥಾನದಲ್ಲಿದ್ದು, ಮೊದಲ ಸುತ್ತಿನಲ್ಲಿ ವಿನಿಪೆಗ್ ಅನ್ನೇ ಸೋಲಿಸಿ, ಕಪ್ ಗೆದ್ದಿತ್ತು.

ಈ ಸರಣಿಯ ನಿಜವಾದ ಕತೆ ಇಬ್ಬರು ಗೋಲ್‌ಕೀಪರ್‌ಗಳದ್ದು. ಫೆಬ್ರುವರಿಯಲ್ಲಿ ನಾಲ್ಕು ದೇಶಗಳ ಟೂರ್ನಿ ನಡೆಯಿತು. ಕೆನಡಾ ತಮ್ಮ 51ನೇ ರಾಜ್ಯವಾಗಲಿ ಎಂದು ಟ್ರಂಪ್ ಹೇಳುತ್ತಿದ್ದ, ಸುಂಕದ ಬೆದರಿಕೆ ಹಾಕುತ್ತಿದ್ದ ದಿನಗಳವು. ಮಾಂಟ್ರಿಯಲ್‌ನಲ್ಲಿ ಅಮೆರಿಕದ ರಾಷ್ಟ್ರಗೀತೆಗೆ ಪ್ರೇಕ್ಷಕರು ಕೂಗು ಹಾಕಿದರು. ಆಟ ಶುರುವಾಗಿ ಒಂಬತ್ತು ಸೆಕೆಂಡಿನೊಳಗೆ ಮೂರು ಹೊಡೆದಾಟವಾದವು. ಬೋಸ್ಟನ್‌ನ ಫೈನಲ್‌ನಲ್ಲಿ ಹೆಚ್ಚುವರಿ ಅವಧಿಯಲ್ಲಿ ಕಾನರ್ ಮೆಕ್‌ಡೇವಿಡ್ ಗೋಲು ಹೊಡೆದು ಕೆನಡಾ 3-2ರಿಂದ ಗೆದ್ದಿತು. ಅಂದು ಕೆನಡಾದ ಗೋಲು ಕಾದವನು ಜೋರ್ಡನ್ ಬಿನಿಂಗ್ಟನ್. ಅಮೆರಿಕದ ಗೋಲು ಕಾದವನು ಕಾನರ್ ಹೆಲಬಕ್.

ಈಗ ತಮಾಷೆ ನೋಡಿ. ಬಿನಿಂಗ್ಟನ್ ಆಡುವುದು ಅಮೆರಿಕದ ಸೇಂಟ್ ಲೂಯಿಸ್‌ಗೆ, ಹೆಲಬಕ್ ಆಡುವುದು ವಿನಿಪೆಗ್‌ಗೆ. ಎರಡು ತಿಂಗಳ ಹಿಂದೆ ಯಾವ ಗೋಲ್‌ಕೀಪರ್ ಸೋಲಲಿ ಎಂದು ವಿನಿಪೆಗ್ ಜನ ಬೇಡಿಕೊಂಡರೋ ಅವನೇ ಈಗ ಅವರ ದೇವರು. ಪುಣೆಯಲ್ಲಿ ದುಡಿಯುವ ಹುಬ್ಬಳ್ಳಿಯವನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಹುಟ್ಟಿದ್ದೊಂದು ಕಡೆ, ಅನ್ನ ಕೊಡುವುದೊಂದು ಕಡೆ, ಎರಡಕ್ಕೂ ನಿಯತ್ತು ಬೇಕು.

ಹೆಲಬಕ್ ಈ ಸೀಸನ್ನಿನಲ್ಲಿ 47 ಪಂದ್ಯ ಗೆದ್ದ. ಪಂದ್ಯಕ್ಕೆ ಸರಾಸರಿ ಎರಡೇ ಗೋಲು ಬಿಟ್ಟುಕೊಟ್ಟ. ಆದರೆ ಕಳೆದ ವರ್ಷದ ಪ್ಲೇಆಫ್‌ನಲ್ಲಿ ಕೊಲರಾಡೊ ಎದುರು ಐದೇ ಪಂದ್ಯಗಳಲ್ಲಿ 24 ಗೋಲು ಹೋದವು. ವಿನಿಪೆಗ್ ಭವಿಷ್ಯವೆಲ್ಲ ಈ ಎರಡು ಲೆಕ್ಕಗಳ ನಡುವೆ ತೂಗುತ್ತಿದೆ. ನಿಕೊಲಾಯ್ ಏಲರ್ಸ್ ಗಾಯಗೊಂಡಿರುವುದೂ ಚಿಂತೆಯೇ. ಆದರೂ ಎದುರಾಳಿಯ ಒಬ್ಬ ಆಟಗಾರ ಶಿಕ್ಷೆಗೊಳಗಾಗಿ ಹೊರಗಿದ್ದಾಗ ಗೋಲು ಹೊಡೆಯುವುದರಲ್ಲಿ ವಿನಿಪೆಗ್ ಲೀಗ್‌ಗೇ ಮೊದಲು. ನನ್ನ ಊಹೆ: ವಿನಿಪೆಗ್, ಏಳು ಪಂದ್ಯಗಳಲ್ಲಿ.

ಡಲಾಸ್ ಮತ್ತು ಕೊಲರಾಡೊ ಸರಣಿಯಲ್ಲಿ ಎಲ್ಲರ ಕಣ್ಣು ಮಿಕ್ಕೊ ರಾಂಟನೆನ್ ಮೇಲೆ. ಜನವರಿಯಲ್ಲಿ ಕೊಲರಾಡೊ ಅವನನ್ನು ಕ್ಯಾರೊಲೈನಾಗೆ ಕಳಿಸಿತು, ಮಾರ್ಚ್‌ನಲ್ಲಿ ಕ್ಯಾರೊಲೈನಾ ಡಲಾಸ್‌ಗೆ ಕಳಿಸಿತು. ಈಗ ಅವನು ತನ್ನ ಹಳೆಯ ಮನೆಯ ಎದುರೇ ನಿಂತಿದ್ದಾನೆ. ಆದರೆ ಡಲಾಸ್‌ನ ಇಬ್ಬರು ಮುಖ್ಯ ಆಟಗಾರರು, ಹೈಸ್ಕನೆನ್ ಮತ್ತು ರಾಬರ್ಟ್‌ಸನ್, ಗಾಯಾಳುಗಳು. ಕೊಲರಾಡೊ, ಏಳರಲ್ಲಿ.

ವೇಗಸ್ ಎದುರು ಮಿನೆಸೋಟ ಹೋರಾಡುತ್ತದೆ, ಆದರೂ ವೇಗಸ್, ಆರರಲ್ಲಿ. ಲಾಸ್ ಏಂಜಲೀಸ್ ಮತ್ತು ಎಡ್ಮಂಟನ್ ಸತತ ನಾಲ್ಕನೇ ವರ್ಷ ಮೊದಲ ಸುತ್ತಿನಲ್ಲಿ ಎದುರಾಗುತ್ತಿವೆ. ಹಿಂದಿನ ಮೂರೂ ಸಲ ಎಡ್ಮಂಟನ್ ಗೆದ್ದಿದೆ. ಈ ಸಲ ತವರಿನ ಅನುಕೂಲ ಲಾಸ್ ಏಂಜಲೀಸ್‌ಗಿದೆ, ತವರಿನ 41 ಪಂದ್ಯಗಳಲ್ಲಿ 31 ಗೆದ್ದ ತಂಡ ಅದು. ಆದರೆ ಮೆಕ್‌ಡೇವಿಡ್ ಮತ್ತು 52 ಗೋಲು ಹೊಡೆದ ಡ್ರೈಸೈಟಲ್ ಇಬ್ಬರೂ ಒಂದೇ ತಂಡದಲ್ಲಿರುವಾಗ ಎದುರು ಬರೆಯಲು ಕೈ ಬರುವುದಿಲ್ಲ. ಎಡ್ಮಂಟನ್, ಏಳರಲ್ಲಿ.

ಮೊದಲ ಸುತ್ತು: ಪೂರ್ವ

ಟೊರಾಂಟೊ ತಂಡದ ಬಗ್ಗೆ ಆರ್‌ಸಿಬಿ ಅಭಿಮಾನಿಗೆ ವಿವರಿಸುವ ಅಗತ್ಯವೇ ಇಲ್ಲ. ದೊಡ್ಡ ಊರು, ದೊಡ್ಡ ಹೆಸರುಗಳು, ತುಂಬಿದ ಗ್ಯಾಲರಿ, ಪ್ರತಿ ವರ್ಷ ಅದೇ ಆಸೆ. ನಾವು 17 ಸೀಸನ್ ಕಾದಿದ್ದೇವೆ, ಅವರು 1967ರಿಂದ ಕಾಯುತ್ತಿದ್ದಾರೆ. ಕೊಹ್ಲಿಯ ಜೆರ್ಸಿ ನಂಬರ್ 18, ಇದು 18ನೇ ಐಪಿಎಲ್, ಆದ್ದರಿಂದ ಕಪ್ ನಮ್ಮದೇ ಎಂದು ನಮ್ಮ ಹುಡುಗರು ವಾಟ್ಸ್‌ಆ್ಯಪ್‌ನಲ್ಲಿ ಲೆಕ್ಕ ಹಾಕುತ್ತಿದ್ದಾರಲ್ಲ, ಟೊರಾಂಟೊದವರೂ ಅಂಥ ಲೆಕ್ಕ ಹಾಕುವುದರಲ್ಲಿ ಹಿಂದೆ ಬಿದ್ದವರಲ್ಲ. ಈ ಸಲ ಅವರ ಕೋಚ್, 2019ರಲ್ಲಿ ಸೇಂಟ್ ಲೂಯಿಸ್‌ಗೆ ಕಪ್ ಗೆದ್ದುಕೊಟ್ಟ ಕ್ರೇಗ್ ಬೆರೂಬಿ. ಎದುರಿಗೆ 2017ರ ನಂತರ ಮೊದಲ ಸಲ ಪ್ಲೇಆಫ್‌ಗೆ ಬಂದ ನೆರೆಯ ಒಟ್ಟಾವ. ಟೊರಾಂಟೊ, ಆರರಲ್ಲಿ.

ವಾಷಿಂಗ್ಟನ್ ಹೆಸರು ಬಂದರೆ ಅಲೆಕ್ಸಾಂಡರ್ ಒವೆಚ್ಕಿನ್. ವೇಯ್ನ್ ಗ್ರೆಟ್ಸ್ಕಿಯ 894 ಗೋಲುಗಳ ದಾಖಲೆಯನ್ನು ಇದೇ ತಿಂಗಳ 6ರಂದು ಮುರಿದ, ಅದೂ 39ನೇ ವಯಸ್ಸಿನಲ್ಲಿ. ಎದುರಾಳಿ ಮಾಂಟ್ರಿಯಲ್ ಎಳೆಯರ ತಂಡ. ವಾಷಿಂಗ್ಟನ್, ಐದರಲ್ಲಿ. ಜಾಕ್ ಹ್ಯೂಸ್ ಇಲ್ಲದ ನ್ಯೂಜೆರ್ಸಿ ಮೇಲೆ ಕ್ಯಾರೊಲೈನಾ, ಅದೂ ಐದರಲ್ಲಿ.

ಫ್ಲಾರಿಡಾ ರಾಜ್ಯದ ಎರಡು ತಂಡಗಳೂ ಪರಸ್ಪರ ಎದುರಾಗಿವೆ. ಲೀಗ್‌ನಲ್ಲೇ ಅತಿ ಹೆಚ್ಚು, 121 ಪಾಯಿಂಟ್ ಗಳಿಸಿದ ಕುಚೆರೊವ್ ಟ್ಯಾಂಪಾದಲ್ಲಿದ್ದಾನೆ. ಆದರೆ ಕಳೆದ ವರ್ಷ ಕಪ್ ಗೆದ್ದ ಫ್ಲಾರಿಡಾ ಪ್ಯಾಂಥರ್ಸ್‌ಗೆ ಈಗ ಬೋಸ್ಟನ್‌ನಿಂದ ಬ್ರಾಡ್ ಮಾರ್ಶಂಡ್ ಬಂದಿದ್ದಾನೆ. ಗಾಯಗೊಂಡಿದ್ದ ಮ್ಯಾಥ್ಯೂ ಟ್ಕಚಕ್ ಮರಳುವ ನಿರೀಕ್ಷೆಯಿದೆ. ಫ್ಲಾರಿಡಾ, ಆರರಲ್ಲಿ.

ಕೊನೆಯ ಖಾನೆ

ಮುಂದಿನ ಸುತ್ತುಗಳನ್ನು ಬೇಗ ಹೇಳಿಬಿಡುತ್ತೇನೆ. ಪೂರ್ವದಲ್ಲಿ ಫ್ಲಾರಿಡಾ ಟೊರಾಂಟೊವನ್ನು, ಕ್ಯಾರೊಲೈನಾ ವಾಷಿಂಗ್ಟನ್ ಅನ್ನು ದಾಟುತ್ತವೆ, ಫೈನಲ್‌ಗೆ ಫ್ಲಾರಿಡಾ. ಪಶ್ಚಿಮದಲ್ಲಿ ಎಡ್ಮಂಟನ್ ವೇಗಸ್ ಅನ್ನು, ವಿನಿಪೆಗ್ ಕೊಲರಾಡೊವನ್ನು ಸೋಲಿಸುತ್ತವೆ. ಆಮೇಲೆ ಕೆನಡಾದ ಎರಡು ತಂಡಗಳ ನಡುವೆ ಹೋರಾಟ, ಅದರಲ್ಲಿ ವಿನಿಪೆಗ್. ಈ ಕೊನೆಯ ಎರಡು ಸಾಲುಗಳಲ್ಲಿ ಬುದ್ಧಿಗಿಂತ ಮನಸ್ಸಿನ ಪಾಲು ಹೆಚ್ಚು ಎಂದು ಪಕ್ಕದ ಸೀಟಿನವರು ಹೇಳುತ್ತಾರೆ. ನಾನು ವಾದಿಸಲಿಲ್ಲ.

ಫೈನಲ್‌ನಲ್ಲಿ ಮಾತ್ರ ಮನಸ್ಸಿಗೆ ಪೆನ್ನು ಕೊಡಲಿಲ್ಲ. ಸತತ ಎರಡು ವರ್ಷ ಫೈನಲ್ ಆಡಿ, ಕಳೆದ ವರ್ಷ 3-0 ಮುನ್ನಡೆ 3-3 ಆದ ಮೇಲೂ ಕೊನೆಯ ಪಂದ್ಯವನ್ನು ಗೆದ್ದ ತಂಡ ಫ್ಲಾರಿಡಾ. ಆ ಅನುಭವಕ್ಕೆ ಬೆಲೆಯಿದೆ. ಕೊನೆಯ ಖಾನೆಯಲ್ಲಿ ಬರೆದದ್ದು ಫ್ಲಾರಿಡಾ, ಆರು ಪಂದ್ಯಗಳಲ್ಲಿ.

ಹಾಳೆಯ ಫೋಟೊವನ್ನು ವಿನಿಪೆಗ್ ಕಡೆಯ ಮ್ಯಾನೇಜರ್‌ಗೆ ಕಳಿಸಿದೆ. 1993ರಲ್ಲಿ ಮಾಂಟ್ರಿಯಲ್ ಗೆದ್ದ ಮೇಲೆ ಕೆನಡಾದ ಯಾವ ತಂಡಕ್ಕೂ ಕಪ್ ಬಂದಿಲ್ಲ, ಈ ವರ್ಷವಂತೂ ಅದು ಅವರಿಗೆ ಬರೀ ಕಪ್ಪಲ್ಲ. ಬೈಯುತ್ತಾರೆ ಅಂದುಕೊಂಡಿದ್ದೆ. ‘ನಮ್ಮನ್ನು ಫೈನಲ್ ತನಕ ಕರೆದುಕೊಂಡು ಹೋಗಿದ್ದೀಯಲ್ಲ, ಅಲ್ಲಿಂದ ಮುಂದೆ ನಾವು ನೋಡಿಕೊಳ್ಳುತ್ತೇವೆ’ ಎಂದು ಉತ್ತರ ಬಂತು. ಜತೆಗೆ ಒಂದು ಸೂಚನೆ: ಪ್ಲೇಆಫ್‌ನಲ್ಲಿ ವಿನಿಪೆಗ್ ಜನರೆಲ್ಲ ಬಿಳಿ ಬಟ್ಟೆ ತೊಟ್ಟು ಬರುವುದು 1987ರಿಂದ ನಡೆದುಬಂದ ರೂಢಿ, ಪುಣೆಯವರೂ ಪಾಲಿಸಬೇಕು.

ಮೊದಲ ಪಂದ್ಯ ನಮ್ಮ ಗಡಿಯಾರದಲ್ಲಿ ಭಾನುವಾರ ನಸುಕಿನ ಮೂರೂವರೆಗೆ. ಬಿಳಿ ಅಂಗಿ ಇಸ್ತ್ರಿ ಮಾಡಿಟ್ಟಿದ್ದೇನೆ. ನನ್ನ ಕೊನೆಯ ಖಾನೆ ಸುಳ್ಳಾದರೆ ಮಿಸಳ್ ಖರ್ಚು ಬಹುಶಃ ನನ್ನ ಮೇಲೇ ಬೀಳುತ್ತದೆ. ಒಂಬತ್ತು ಪ್ಲೇಟು, ಜತೆಗೆ ಪಾವ್, ತಾಕ್. ಆ ಬಿಲ್ಲು ನನಗೇ ಬರಲಿ.