ಒಡೆಯರಪಾಳ್ಯದ ಟಿಬೆಟ್ ಅಡುಗೆಮನೆ

ಹೊರನಾಡಿನ ಊಟದ ರುಚಿ ನೋಡಬೇಕು, ಆ ಜನರ ಬದುಕನ್ನು ಹತ್ತಿರದಿಂದ ಕಾಣಬೇಕು ಎನ್ನುವ ಕೊಳ್ಳೇಗಾಲ ಸೀಮೆಯವರು ದೂರ ಹೋಗಬೇಕಿಲ್ಲ. ಕೊಳ್ಳೇಗಾಲದಿಂದ ಲೊಕ್ಕನಹಳ್ಳಿ, ಒಡೆಯರಪಾಳ್ಯದ ಕಡೆಗೆ ಹೊರಟರೆ ಸಾಕು. ಗುಡ್ಡಗಳ ನಡುವೆ ಬಣ್ಣದ ಪ್ರಾರ್ಥನಾ ಪತಾಕೆಗಳು ಕಂಡವೆಂದರೆ ಧೋಂಡೆನ್‌ಲಿಂಗ್ ಬಂತು. ನಮ್ಮ ಕಡೆ ಎಲ್ಲರ ಬಾಯಲ್ಲೂ ಅದು ಟಿಬೆಟ್ ಕ್ಯಾಂಪ್.

1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮೇಲೆ ಅವರ ಹಿಂದೆಯೇ ಸಾವಿರಾರು ಜನ ಗಡಿ ದಾಟಿದರು. ಬೈಲಕುಪ್ಪೆ, ಮುಂಡಗೋಡ, ಹುಣಸೂರಿನ ಗುರುಪುರದಲ್ಲಿ ನೆಲೆಗಳು ಎದ್ದವು. ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದ 1974ರಲ್ಲಿ ಇಲ್ಲಿಯೂ ಒಂದು ನೆಲೆ ಆಯಿತು. ಹಿಮದ ನಾಡಿನಲ್ಲಿ ಬಾರ್ಲಿ ಬೆಳೆದು ಯಾಕ್ ಸಾಕಿಕೊಂಡಿದ್ದವರು ಮಳೆಯನ್ನೇ ನಂಬಿದ ಈ ಹೊಲಗಳಲ್ಲಿ ಮುಸುಕಿನ ಜೋಳ ಬಿತ್ತುವುದನ್ನು ಕಲಿತರು. ಆ ಕಷ್ಟವನ್ನು ನೆನೆದೇ ಅವರ ಊಟಕ್ಕೆ ಕೂರಬೇಕು ಎಂಬುದು ನನ್ನ ಭಾವನೆ.

ಕಡುಬಿನಂಥ ಮೊಮೊ ಈಗ ಮೈಸೂರು, ಬೆಂಗಳೂರಿನ ಬೀದಿಬೀದಿಯಲ್ಲೂ ಸಿಗುತ್ತದೆ. ಇಲ್ಲಿಗೆ ಬಂದವರು ಅದಷ್ಟನ್ನೇ ತಿಂದು ಹಿಂತಿರುಗಬಾರದು. ತೆಂತುಕ್ ಕೇಳಿ: ನಾದಿದ ಹಿಟ್ಟನ್ನು ಪಟ್ಟಿಯಂತೆ ಎಳೆದು, ಬೆರಳಲ್ಲೇ ಚೂರುಚೂರು ಹರಿದು ಕುದಿಯುವ ಸಾರಿಗೆ ಹಾಕುತ್ತಾರೆ. ಮಳೆಗಾಲದ ಸಂಜೆಗೆ ಅದಕ್ಕಿಂತ ಹಿತವಾದದ್ದು ನನಗೆ ಗೊತ್ತಿಲ್ಲ. ಆವಿಯಲ್ಲಿ ಬೆಂದ, ಪದರಪದರವಾಗಿ ಬಿಚ್ಚಿಕೊಳ್ಳುವ ತಿಂಗ್‌ಮೊ ಸಪ್ಪೆ. ಅದನ್ನು ಪಲ್ಯದ ರಸಕ್ಕೋ ಮೆಣಸಿನಕಾಯಿ ಚಟ್ನಿಗೋ ಅದ್ದಿ ತಿನ್ನಬೇಕು. ಆ ಮೆಣಸಿನಕಾಯಿಯೂ ಹೊಲದ ಮುಸುಕಿನ ಜೋಳವೂ ಅಮೆರಿಕ ಖಂಡದ ಮೂಲದವು. ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕರಾವಳಿಗೆ ಬಂದಿಳಿದದ್ದು.

ತ್ಸಂಪಾ ಮಾತ್ರ ನಮಗೆ ಹೊಸದೆನಿಸುವುದಿಲ್ಲ. ಹುರಿದ ಬಾರ್ಲಿಯ ಹಿಟ್ಟನ್ನು ಚಹಾದಲ್ಲಿ ಕಲಸಿ ಉಂಡೆ ಕಟ್ಟುತ್ತಾರೆ; ನಮ್ಮ ರಾಗಿ ಹುರಿಹಿಟ್ಟಿನ ಒಡಹುಟ್ಟು. ಆದರೆ ಆ ಚಹಾಕ್ಕೆ ಬೆಣ್ಣೆ, ಉಪ್ಪು ಬೀಳುತ್ತವೆ. ಸಿಹಿ ಟೀ ಎಂದುಕೊಂಡು ಕುಡಿದರೆ ನಾಲಿಗೆ ಒಪ್ಪುವುದಿಲ್ಲ. ತಿಳಿಸಾರು ಎಂದುಕೊಂಡು ನಿಧಾನವಾಗಿ ಗುಟುಕರಿಸಿ, ಎರಡನೇ ಬಟ್ಟಲು ನೀವೇ ಕೇಳುತ್ತೀರಿ.

ಇವರ ಅಡುಗೆಮನೆಯ ಸೊಗಸು ಪೂರ್ತಿ ಕಾಣುವುದು ಹೊಸವರ್ಷ ಲೋಸರ್‌ನ ಹೊತ್ತಿಗೆ. ಸಾಮಾನ್ಯವಾಗಿ ಫೆಬ್ರವರಿ ಇಲ್ಲವೇ ಮಾರ್ಚ್‌ನಲ್ಲಿ ಬರುವ ಹಬ್ಬವದು. ಹಳೆಯ ವರ್ಷದ ಕೊನೆಯ ತಿಂಗಳ ಇಪ್ಪತ್ತೊಂಬತ್ತನೇ ರಾತ್ರಿ ಒಂಬತ್ತು ಬಗೆಯ ಪದಾರ್ಥ ಹಾಕಿ ಗುತುಕ್ ಎಂಬ ಗಂಜಿಸಾರು ಮಾಡುತ್ತಾರೆ. ಅದರೊಳಗೆ ದೊಡ್ಡ ಹಿಟ್ಟಿನುಂಡೆಗಳಿರುತ್ತವೆ, ಒಂದೊಂದರ ಹೊಟ್ಟೆಯಲ್ಲೂ ಒಂದೊಂದು ಗುಟ್ಟು. ಮೆಣಸಿನಕಾಯಿ ಸಿಕ್ಕವರು ವಾಚಾಳಿ, ಇದ್ದಿಲು ಸಿಕ್ಕವರ ಮನಸ್ಸು ಕಪ್ಪು, ಉಣ್ಣೆ ಸಿಕ್ಕವರದು ಮೆದು ಹೃದಯ. ಅಜ್ಜಿಗೆ ಮೆಣಸಿನಕಾಯಿ ಸಿಕ್ಕರೆ ಮೊಮ್ಮಕ್ಕಳ ನಗು ನಿಲ್ಲುವುದೇ ಇಲ್ಲ. ಊಟ ಮುಗಿದ ಮೇಲೆ ಹಳೆಯ ವರ್ಷದ ಕೆಡುಕನ್ನೆಲ್ಲ ಮನೆಯಿಂದಾಚೆ ಅಟ್ಟುತ್ತಾರೆ. ಹಬ್ಬಕ್ಕೆ ಕರಿದ ಖಪ್ಸೆ ಬಿಸ್ಕತ್ತುಗಳನ್ನು ತಟ್ಟೆಯಲ್ಲಿ ಎತ್ತರಕ್ಕೆ ಪೇರಿಸಿರುತ್ತಾರೆ.

ಊಟದ ಮುಂಚೆಯೋ ಆಮೇಲೋ ಜೊಕ್‌ಚೆನ್ ಮಠಕ್ಕೆ ಹೋಗಿ. ಪೂರ್ವ ಟಿಬೆಟ್ಟಿನಲ್ಲಿ ಹದಿನೇಳನೇ ಶತಮಾನದಲ್ಲಿ ಸ್ಥಾಪನೆಯಾದ ಮಠದ ಪರಂಪರೆ ಇಲ್ಲಿ ಮುಂದುವರಿದಿದೆ. ಈ ಕಟ್ಟಡವನ್ನು ದಲೈ ಲಾಮಾ ಉದ್ಘಾಟಿಸಿದ್ದು 1992ರಲ್ಲಿ. ಚಪ್ಪಲಿ ಹೊರಗೆ ಬಿಡಿ, ಪ್ರದಕ್ಷಿಣೆ ನಮ್ಮಂತೆಯೇ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ. ಪ್ರಾರ್ಥನೆ ನಡೆಯುತ್ತಿದ್ದರೆ ಮೊಬೈಲ್ ಜೇಬಿನಲ್ಲೇ ಇರಲಿ.

ವಿದೇಶಿಯರು ಇಲ್ಲಿ ತಂಗಬೇಕಾದರೆ ಮುಂಚೆಯೇ ಸರ್ಕಾರದ ಪರವಾನಗಿ ಪಡೆದಿರಬೇಕು, ನಮಗೆ ಅದರ ಅಗತ್ಯವಿಲ್ಲ. ಚಳಿಗಾಲದಲ್ಲಿ ಸ್ವೆಟರ್ ಮಾರಲು ಅನೇಕರು ದೂರದ ಊರುಗಳಿಗೆ ಹೋಗಿರುತ್ತಾರೆ. ಆದ್ದರಿಂದ ಅವರು ಮರಳಿ ಬರುವ ಲೋಸರ್ ಆಸುಪಾಸಿನಲ್ಲಿ ಹೋಗುವುದು ಮೇಲು. ಇಲ್ಲೇ ಹುಟ್ಟಿ ಬೆಳೆದವರಲ್ಲಿ ಅನೇಕರು ಕನ್ನಡ ಬಲ್ಲರು. ಹಾಗಾಗಿ ತಟ್ಟೆಗೆ ಬಂದದ್ದು ಏನು, ಹೇಗೆ ಮಾಡಿದ್ದು ಎಂದು ಕೇಳಲು ಸಂಕೋಚ ಬೇಡ.