ಅವಿನಾಶಿಯ ಹಾದಿಯಲ್ಲಿ ಎರಡು ರಥಗಳು

ರಥವೆಂದರೆ ನಮ್ಮ ಹಿರಿಯರ ಕಣ್ಣಮುಂದೆ ನಿಲ್ಲುತ್ತಿದ್ದುದು ನಂಜನಗೂಡಿನ ಗೌತಮ ರಥ. ಕೊಂಗುನಾಡಿಗೆ ಬಂದು ನೆಲೆಸಿದ ಕನ್ನಡ ಮನೆತನಗಳಿಗೆ ಅದರ ಜೊತೆಗೆ ಅವಿನಾಶಿಯ ತೇರೂ ಆಪ್ತವಾಯಿತು. ಇಂದಿನ ತರುಣರ ಕಣ್ಣಮುಂದೆ ನಿಲ್ಲುವ ರಥವೇ ಬೇರೆ. ನೆಲಕ್ಕೆ ತಾಗುವಷ್ಟು ತಗ್ಗಾದ, ಇಬ್ಬರೇ ಕೂರಬಹುದಾದ, ಹೊರಟಿತೆಂದರೆ ಬೀದಿಯೆಲ್ಲ ತಿರುಗಿ ನೋಡುವಂತೆ ಸದ್ದುಮಾಡುವ ಸ್ಪೋರ್ಟ್ಸ್ ಕಾರು ಅದು. ಅದನ್ನು ಕೊಳ್ಳುವ ಶಕ್ತಿ ಎಲ್ಲರಿಗೂ ಇರಲಾರದು. ಆದರೆ ಅರ್ಧ ದಿನದ ಮಟ್ಟಿಗೆ ಅದರಲ್ಲಿ ಕುಳಿತು, ಹೆಸರಾಂತ ಸ್ಥಳವೊಂದನ್ನು ನೋಡಿ ಬರಬೇಕೆಂಬ ಆಸೆ ಇಂದು ಬಹಳ ಮನೆಗಳಲ್ಲಿ ಕೇಳಿಬರುತ್ತಿದೆ.

ಇದು ನಮ್ಮವರಿಗಷ್ಟೇ ಹತ್ತಿದ ಹಂಬಲವಲ್ಲ. ಫೆರಾರಿ ಕಾರುಗಳ ತವರಾದ ಇಟಲಿಯ ಮರನೆಲ್ಲೊ ಊರಿನಲ್ಲಿ ಪ್ರವಾಸಿಗರು ಹಣ ತೆತ್ತು, ಪಕ್ಕದಲ್ಲಿ ತಿಳಿದವರೊಬ್ಬರನ್ನು ಕೂರಿಸಿಕೊಂಡು, ಸ್ವಲ್ಪ ಹೊತ್ತು ಆ ಕಾರನ್ನು ನಡೆಸಿ ನೋಡುತ್ತಾರೆ. ಪ್ಯಾರಿಸ್ಸಿಗೆ ಹೋದವರು ಐಫೆಲ್ ಗೋಪುರದ ಸುತ್ತ ಅಂಥದೇ ಕಾರಿನಲ್ಲಿ ಒಂದು ಸುತ್ತು ಬರುವುದುಂಟು. ನಮ್ಮ ಕೊಯಮತ್ತೂರಿನಲ್ಲಿರುವವರಿಗೆ ಇಂಥ ಕಿರುಪಯಣಕ್ಕೆ ಅವಿನಾಶಿಯಷ್ಟು ಒಪ್ಪುವ ಗುರಿ ಬೇರೊಂದಿಲ್ಲ. ದೂರ ಸುಮಾರು 40 ಕಿಲೋಮೀಟರು. ಹಾದಿ ಅಗಲವಾದದ್ದು. ತುದಿಯಲ್ಲಿ ಕಾದಿರುವುದು ನಾಡಿಗೇ ಹೆಸರಾದ ಶಿವಾಲಯ.

ಈ ಹಾದಿಗೂ ಮೋಟಾರು ವಾಹನಕ್ಕೂ ಹಳೆಯ ನಂಟಿದೆ. ಕೊಯಮತ್ತೂರಿನ ಯಂತ್ರಕುಶಲತೆಗೆ ಹೆಸರು ತಂದುಕೊಟ್ಟ ಜಿ. ಡಿ. ನಾಯ್ಡು (1893–1974) ಅವರು 1920ರಲ್ಲಿ ಒಂದೇ ಒಂದು ಬಸ್ಸನ್ನು ಪೊಳ್ಳಾಚಿ ಮತ್ತು ಪಳನಿಯ ನಡುವೆ ಓಡಿಸಿ ತಮ್ಮ ಉದ್ಯಮವನ್ನು ಆರಂಭಿಸಿದರು. ಅವರ ಮನೆತನದವರು 2015ರಲ್ಲಿ ತೆರೆದ ಜೀಡೀ ಕಾರು ವಸ್ತುಸಂಗ್ರಹಾಲಯ ಇದೇ ಅವಿನಾಶಿ ರಸ್ತೆಯಲ್ಲಿದೆ. ಹಳೆಯ ಕಾಲದ ಕಾರುಗಳು ಅಲ್ಲಿ ಸಾಲಾಗಿ ನಿಂತಿವೆ. ಉಪ್ಪಿಲಿಪಾಳ್ಯದಿಂದ ಗೋಲ್ಡ್‌ವಿನ್ಸ್‌ವರೆಗೆ ಇದೇ ರಸ್ತೆಯ ಮೇಲೆ ಕಟ್ಟಿ 2025ರ ಅಕ್ಟೋಬರಿನಲ್ಲಿ ತೆರೆದ 10.1 ಕಿಲೋಮೀಟರು ಉದ್ದದ ಮೇಲ್ಸೇತುವೆಗೂ ಅವರ ಹೆಸರನ್ನೇ ಇಡಲಾಗಿದೆ.

ಪಂದ್ಯದ ಕಾರುಗಳ ವಿಷಯದಲ್ಲಂತೂ ಈ ಊರು ದೇಶಕ್ಕೇ ಮೇಲ್ಪಂಕ್ತಿ. ಇಲ್ಲಿನ ಎಸ್. ಕರಿವರ್ಧನ್ ಅವರು ಮಾರುತಿ ಎಂಜಿನ್ನನ್ನು ಬಳಸಿ, ಸಾಧಾರಣ ಹಣಬಲದ ತರುಣರಿಗೂ ಎಟುಕುವಂಥ ಪಂದ್ಯದ ಕಾರನ್ನು ರೂಪಿಸಿದರು. 1995ರಲ್ಲಿ ಅವರು ವಿಮಾನ ಅಪಘಾತದಲ್ಲಿ ತೀರಿಕೊಂಡರು. ಚೆಟ್ಟಿಪಾಳ್ಯದಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇ ಎಂಬ ಪಂದ್ಯಪಥ ಅವರ ನೆನಪನ್ನು ಉಳಿಸಿಕೊಂಡಿದೆ. ಅದೇ ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ ಅವರು 2005ರಲ್ಲಿ ಫಾರ್ಮುಲಾ ಒನ್ ಪಂದ್ಯಗಳಲ್ಲಿ ಕಾರು ನಡೆಸಿದ ಮೊದಲ ಭಾರತೀಯರೆನಿಸಿದರು. ಕನ್ನಡನಾಡೂ ಈ ಗೀಳಿನಿಂದ ಹೊರಗುಳಿಯಲಿಲ್ಲ. ಬೆಂಗಳೂರಿನ ಸ್ಯಾನ್ ಮೋಟಾರ್ಸ್ ಸಂಸ್ಥೆಯು ಕಳೆದ ಶತಮಾನದ ಕೊನೆಯಲ್ಲಿ ‘ಸ್ಯಾನ್ ಸ್ಟಾರ್ಮ್’ ಎಂಬ ಇಬ್ಬರು ಕೂರುವ ಪುಟ್ಟ ಸ್ಪೋರ್ಟ್ಸ್ ಕಾರನ್ನು ಹೊರತಂದಿತ್ತು.

ಇನ್ನು ಪಯಣದ ಮಾತು. ಕಾರನ್ನು ಬಾಡಿಗೆಗೆ ತರುವವರು ಮೊದಲು ನೋಡಬೇಕಾದದ್ದು ಅದರ ಬಣ್ಣವನ್ನಲ್ಲ, ನಂಬರು ಫಲಕವನ್ನು. ಬಾಡಿಗೆದಾರರೇ ನಡೆಸಲು ಪರವಾನಗಿ ಪಡೆದ ಕಾರಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರ ಇರುತ್ತದೆ. ಚಾಲಕನೊಡನೆ ಬರುವ ಬಾಡಿಗೆ ಕಾರಿಗೆ ಹಳದಿ ಫಲಕದ ಮೇಲೆ ಕಪ್ಪು ಅಕ್ಷರ. ಬಿಳಿ ಫಲಕದ ಕಾರು ಸ್ವಂತ ಬಳಕೆಯದು. ಅದನ್ನು ಬಾಡಿಗೆಗೆ ಕೊಡುವಂತಿಲ್ಲ. ಗೊತ್ತಿರುವವರು ಎಂಬ ಸಲಿಗೆಯಿಂದ ಹಣಕೊಟ್ಟು ಅಂಥ ಕಾರನ್ನು ತಂದು ಏನಾದರೂ ಅನಾಹುತವಾದರೆ, ವಿಮೆಯ ಹಣಕ್ಕೆ ತಕರಾರು ಬರುವ ಸಂಭವವಿದೆ. ಕೋಟಿ ರೂಪಾಯಿ ಬೆಲೆಯ ಕಾರಿನ ದುರಸ್ತಿಯ ಹೊರೆ ಒಂದು ಸಂಸಾರದ ತಲೆಯ ಮೇಲೆ ಬಿದ್ದರೆ ಏನಾದೀತೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಕೊಯಮತ್ತೂರಿನಿಂದ ಹೊರಟರೆ ಪೀಳಮೇಡು, ಚಿನ್ನಿಯಂಪಾಳ್ಯ, ನೀಲಾಂಬೂರು, ಕರುಮತ್ತಂಪಟ್ಟಿ, ತೆಕ್ಕಲೂರು ದಾಟಿ ಅವಿನಾಶಿ. ನೀಲಾಂಬೂರಿನಿಂದ ಮುಂದೆ ಆರು ಪಥಗಳ ಹೆದ್ದಾರಿ. ಅಲ್ಲಿಗೆ ಬಂದೊಡನೆ ಎಂಥವರಿಗೂ ಬಲಗಾಲು ಭಾರವಾಗುವುದು ಸಹಜ. ಆದರೆ ಕೂಡಿ ಕಳೆಯುವ ಲೆಕ್ಕವೊಂದನ್ನು ಮೊದಲೇ ಮಾಡಿಕೊಳ್ಳುವುದು ಒಳ್ಳೆಯದು. 40 ಕಿಲೋಮೀಟರನ್ನು ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಕ್ರಮಿಸಿದರೆ 30 ನಿಮಿಷ, 100ರ ವೇಗದಲ್ಲಿ 24 ನಿಮಿಷ, 120ರಲ್ಲಿ 20 ನಿಮಿಷ. ಪ್ರಾಣವನ್ನು ಪಣಕ್ಕಿಟ್ಟು ಗಳಿಸುವ ಲಾಭ ಹತ್ತೇ ನಿಮಿಷ. ದೇವಸ್ಥಾನದ ಮುಂದೆ ಕಾರು ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ಅದೂ ಕರಗಿಹೋಗುತ್ತದೆ.

ನಷ್ಟದ ಲೆಕ್ಕ ಇನ್ನೊಂದು ಬಗೆಯದು. ಗಂಟೆಗೆ 100 ಕಿಲೋಮೀಟರು ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರು ಮುಂದೆ ಹೋಗುತ್ತದೆ. ಎದುರಿಗೆ ಹಸುವೊಂದು ಬಂದುದನ್ನು ಕಣ್ಣು ಕಂಡು ಕಾಲು ಬ್ರೇಕನ್ನು ಒತ್ತುವುದಕ್ಕೆ ಆ ಒಂದು ಸೆಕೆಂಡು ಬೇಕು. ಆಮೇಲೆ ಒಣರಸ್ತೆಯಲ್ಲಿಯೂ ಕಾರು ನಿಲ್ಲಲು ಇನ್ನು 56 ಮೀಟರಿನಷ್ಟು ದೂರ ಬೇಕು. ಅಂದರೆ ಒಟ್ಟು 84 ಮೀಟರು. 50ರ ವೇಗದಲ್ಲಿ ಇವೆಲ್ಲವೂ ಸೇರಿ ಸುಮಾರು 28 ಮೀಟರಿನಲ್ಲಿ ಮುಗಿಯುತ್ತವೆ. ವೇಗ ಇಮ್ಮಡಿಯಾದರೆ ಬ್ರೇಕು ಹಿಡಿದು ನಿಲ್ಲಿಸುವ ದೂರ ನಾಲ್ಮಡಿಯಾಗುತ್ತದೆಂಬುದು ಎಂಥ ಬೆಲೆಬಾಳುವ ಕಾರೂ ಮೀರಲಾಗದ ನಿಸರ್ಗದ ನಿಯಮ.

ಹಾಗಾದರೆ ಇಂಥ ಕಾರಿನಲ್ಲಿ ಹೋಗುವ ಸುಖವಾದರೂ ಏನು ಎಂದು ಕೇಳಬಹುದು. ಸುಖ ಖಂಡಿತ ಇದೆ. ಆಸನ ನೆಲಕ್ಕೆ ಹತ್ತಿರವಿರುವುದರಿಂದ 60ರ ವೇಗವೂ 100ರಂತೆ ಭಾಸವಾಗುತ್ತದೆ. ತಿರುವಿನಲ್ಲಿ ಕಾರು ಓಲಾಡದೆ ರಸ್ತೆಯನ್ನು ಕಚ್ಚಿ ಹಿಡಿಯುತ್ತದೆ. ಚುಕ್ಕಾಣಿಯನ್ನು ಬೆರಳಿನಷ್ಟು ತಿರುಗಿಸಿದರೂ ಚಕ್ರ ಮಾತು ಕೇಳುತ್ತದೆ. ಅತಿವೇಗವಿಲ್ಲದೆಯೇ ಈ ಅನುಭವವೆಲ್ಲ ದೊರೆಯುತ್ತದೆ. ಹೆದ್ದಾರಿಯನ್ನು ಬಿಟ್ಟು ಊರೊಳಗೆ ತಿರುಗಿದ ಮೇಲಂತೂ ಗರ್ವವೆಲ್ಲ ಇಳಿಯಲೇಬೇಕು. ಶಾಸ್ತ್ರೋಕ್ತವಾಗಿ ಹಾಕಿದ ರಸ್ತೆಯುಬ್ಬು 10 ಸೆಂಟಿಮೀಟರು ಎತ್ತರವಿದ್ದು, 3.7 ಮೀಟರು ಅಗಲಕ್ಕೆ ನಯವಾಗಿ ಏರಿಳಿಯುತ್ತದೆ. ಊರೂರಿನಲ್ಲಿ ಜನರೇ ಹಾಕಿಸಿಕೊಂಡ ಉಬ್ಬುಗಳಿಗೆ ಈ ನಯವಿಲ್ಲ. ಬಹುಪಾಲು ಸ್ಪೋರ್ಟ್ಸ್ ಕಾರುಗಳ ಹೊಟ್ಟೆಗೂ ನೆಲಕ್ಕೂ ಇರುವ ಅಂತರ 11–13 ಸೆಂಟಿಮೀಟರು ಮಾತ್ರ. ಆದ್ದರಿಂದ ಎತ್ತಿನ ಗಾಡಿಯೂ ಸಲೀಸಾಗಿ ದಾಟುವ ಉಬ್ಬನ್ನು ಕೋಟಿ ರೂಪಾಯಿಯ ಕಾರು ಹೆಜ್ಜೆ ಎಣಿಸುತ್ತ ದಾಟಬೇಕಾಗುತ್ತದೆ.

ಅವಿನಾಶಿಯೆಂದರೆ ನಾಶವಿಲ್ಲದವನು. ಕಾಶಿಯೊಡನೆ ನಂಟಿರುವ ಕ್ಷೇತ್ರವೆಂದು ಭಕ್ತರು ಇದನ್ನು ನಂಬುತ್ತಾರೆ. ಸ್ವಾಮಿ ಅವಿನಾಶಿಲಿಂಗೇಶ್ವರ, ಅಮ್ಮನವರು ಕರುಣಾಂಬಿಕೆ. ಮೊದಲು ಕೊಯಮತ್ತೂರು ಜಿಲ್ಲೆಯಲ್ಲಿದ್ದ ಈ ಊರು 2009ರಲ್ಲಿ ಹೊಸದಾಗಿ ರಚಿತವಾದ ತಿರುಪ್ಪೂರು ಜಿಲ್ಲೆಗೆ ಸೇರಿತು. ತಿರುಪ್ಪುಕ್ಕೊಳಿಯೂರು ಎಂಬ ಹಳೆಯ ಹೆಸರಿನಿಂದ ಇದು ತೇವಾರದ ಪದಿಕಗಳಲ್ಲಿ ಕೀರ್ತಿತವಾಗಿದೆ. ಆ ಪದಿಕವನ್ನು ಹಾಡಿದ ಸುಂದರಮೂರ್ತಿ ನಾಯನಾರರು ಕನ್ನಡಿಗರಿಗೆ ಪರಕೀಯರಲ್ಲ. ಅರವತ್ತುಮೂವರು ಪುರಾತನರಲ್ಲಿ ಒಬ್ಬರಾದ ಅವರನ್ನು ನಮ್ಮವರು ನಂಬಿಯಣ್ಣ ಎಂದು ಕರೆದರು. ಹರಿಹರ ಕವಿ ಅವರ ಚರಿತೆಯನ್ನು ರಗಳೆಯಾಗಿ ಬರೆದನು.

ನಂಬಿಯಣ್ಣನು ಅವಿನಾಶಿಗೆ ಬಂದಾಗ ನಡೆಯಿತೆನ್ನುವ ಕಥೆಯನ್ನು ಈ ಭಾಗದ ಅಜ್ಜಿಯರೆಲ್ಲ ಬಲ್ಲರು. ಒಂದು ಬೀದಿಯಲ್ಲಿ ಎದುರುಬದುರಾಗಿ ಎರಡು ಮನೆಗಳು. ಒಂದರಲ್ಲಿ ಮಗನ ಉಪನಯನದ ಮಂಗಳವಾದ್ಯ, ಮತ್ತೊಂದರಲ್ಲಿ ಗೋಳು. ವಿಚಾರಿಸಿದಾಗ ತಿಳಿದದ್ದು ಇಷ್ಟು: ಇಬ್ಬರು ಬಾಲಕರೂ ಒಂದೇ ವಯಸ್ಸಿನವರು, ಹಿಂದೆ ಒಟ್ಟಿಗೆ ಕೆರೆಗೆ ಸ್ನಾನಕ್ಕೆ ಹೋಗಿದ್ದರು, ಒಬ್ಬನನ್ನು ಮೊಸಳೆ ನುಂಗಿತು. ಬದುಕಿದ್ದರೆ ತಮ್ಮ ಮಗನಿಗೂ ಈ ದಿನ ಉಪನಯನವಾಗುತ್ತಿತ್ತಲ್ಲ ಎಂದು ಹೆತ್ತವರ ಕಣ್ಣೀರು. ನಂಬಿಯಣ್ಣನು ಕೆರೆಯ ದಡದಲ್ಲಿ ನಿಂತು ಶಿವನನ್ನು ಹಾಡಿ ಬೇಡಿದನು. ಮೊಸಳೆ ದಡಕ್ಕೆ ಬಂದು ಬಾಲಕನನ್ನು ಉಗುಳಿತು. ಕಳೆದ ವರ್ಷಗಳ ಬೆಳವಣಿಗೆಯೂ ಸೇರಿ ಮಗ ಮನೆಗೆ ಮರಳಿದನು.

ಈ ಕಥೆಯನ್ನು ಕೇಳಿ ಹೆದ್ದಾರಿಗೆ ಮರಳುವವರು ಮತ್ತೊಂದು ಸಂಗತಿಯನ್ನೂ ನೆನೆಯಬೇಕು. 2020ರ ಫೆಬ್ರುವರಿ 20ರ ನಸುಕಿನಲ್ಲಿ ಬೆಂಗಳೂರಿನಿಂದ ಎರ್ನಾಕುಳಕ್ಕೆ ಹೊರಟಿದ್ದ ಕೇರಳ ಸಾರಿಗೆಯ ಬಸ್ಸಿಗೆ, ಅವಿನಾಶಿಯ ಬಳಿ, ಎದುರು ದಿಕ್ಕಿನ ಕಂಟೇನರ್ ಲಾರಿಯೊಂದು ರಸ್ತೆಯ ನಡುವಣ ತಡೆಯನ್ನು ದಾಟಿ ಬಂದು ಅಪ್ಪಳಿಸಿತು. ನಿದ್ದೆಯಲ್ಲಿದ್ದ ಪ್ರಯಾಣಿಕರೂ, ಬಸ್ಸಿನ ಚಾಲಕ ಮತ್ತು ನಿರ್ವಾಹಕರೂ ಸೇರಿ 19 ಜನ ಮೃತರಾದರು. ಅಲ್ಲಿ ಯಾವ ಸ್ಪೋರ್ಟ್ಸ್ ಕಾರೂ ಇರಲಿಲ್ಲ, ಬಸ್ಸಿನವರದು ಯಾವ ತಪ್ಪೂ ಇರಲಿಲ್ಲ. ಒಬ್ಬರ ಕೈಮೀರಿದ ವಾಹನ ಇನ್ನೊಬ್ಬರ ಮನೆಯ ದೀಪವನ್ನು ಆರಿಸುತ್ತದೆಂಬುದಕ್ಕೆ ಇದಕ್ಕಿಂತ ಕಠೋರವಾದ ನಿದರ್ಶನ ಬೇಡ. ಮೊಸಳೆ ನುಂಗಿದ ಮಗು ಮರಳಿದ ಊರು ಇದು. ರಸ್ತೆ ನುಂಗಿದವರು ಮರಳುವುದಿಲ್ಲ.

ಇನ್ನು ಆ ಇನ್ನೊಂದು ರಥದ ವಿಚಾರ. ತಿರುವಾರೂರು, ಶ್ರೀವಿಲ್ಲಿಪುತ್ತೂರುಗಳ ತೇರುಗಳ ಸಾಲಿನಲ್ಲಿ ಎಣಿಸಲ್ಪಡುವ ಅವಿನಾಶಿಯ ಹಿರಿಯ ತೇರು ಚಿತ್ತಿರೈ ತಿಂಗಳ ಉತ್ಸವದಲ್ಲಿ ಬೀದಿಗೆ ಬರುತ್ತದೆ. ಸಾವಿರಾರು ಕೈಗಳು ಹಗ್ಗಕ್ಕೆ ಕೂಡುತ್ತವೆ. ನೋಡುವವರ ಕಣ್ಣೆಲ್ಲ ಎಳೆಯುವವರ ಮೇಲೆ. ಆದರೆ ತೇರಿನ ನಿಜವಾದ ಸಾರಥಿಗಳು ಚಕ್ರದ ಪಕ್ಕದಲ್ಲಿ ಬಗ್ಗಿ ನಡೆಯುವ ಕೆಲವೇ ಜನ. ಅವರ ಕೈಯಲ್ಲಿ ಮರದ ದಪ್ಪ ಬೆಣೆಗಳು. ತೇರು ವೇಗ ಹಿಡಿದಾಗ ಚಕ್ರಕ್ಕೆ ಬೆಣೆ ಕೊಟ್ಟು ತಡೆಯುವವರೂ ಅವರೇ, ಬೀದಿಯ ಮೂಲೆಯಲ್ಲಿ ಬೆಣೆಯನ್ನು ಓರೆಯಾಗಿಟ್ಟು ತೇರನ್ನು ತಿರುಗಿಸುವವರೂ ಅವರೇ. ತಮಿಳಿನಲ್ಲಿ ಈ ಬೆಣೆಗೆ ಮುಟ್ಟುಕ್ಕಟ್ಟೈ ಎಂದು ಹೆಸರು. ಆಡುಮಾತಿನಲ್ಲಿ ಅದೇ ಪದಕ್ಕೆ ಅಡ್ಡಿ, ವಿಘ್ನ ಎಂಬ ಅರ್ಥವೂ ಬಂದಿದೆ. ತೇರನ್ನೂ ತೇರೆಳೆಯುವವರನ್ನೂ ಕಾಯುವುದು ಆ ಅಡ್ಡಿಯೇ ಎಂಬುದನ್ನು ಮಾತು ಮರೆತಿದೆ. ತಿರುವಾರೂರಿನ ಮಹಾರಥಕ್ಕೆ ತಿರುಚ್ಚಿಯ ಬಿ.ಎಚ್.ಇ.ಎಲ್. ಕಾರ್ಖಾನೆಯವರು ಕಬ್ಬಿಣದ ಚಕ್ರಗಳ ಜೊತೆಗೆ ದ್ರವಬಲದ ಬ್ರೇಕನ್ನೂ ಅಳವಡಿಸಿದರು. ಎಳೆಯುವ ಬಲ ಹೆಚ್ಚಿದಷ್ಟೂ ತಡೆಯುವ ಬಲವೂ ಹೆಚ್ಚಬೇಕೆಂಬ ವಿವೇಕ ಅದರಲ್ಲಿದೆ.

ವೇಗವೇ ವೃತ್ತಿಯಾದವರಿಗೂ ಈ ವಿವೇಕ ಹೊಸದಲ್ಲ. ಕಾರ್ತಿಕೇಯನ್ ಅವರು ಸ್ಪರ್ಧಿಸಿದ 2005ರ ಜೂನ್ 19ರ ಅಮೆರಿಕದ ಪಂದ್ಯವನ್ನೇ ನೋಡಿ. ಅಭ್ಯಾಸದ ದಿನ ಒಂದು ಸಂಸ್ಥೆಯ ಟಯರುಗಳು ಒಡೆದು ಅಪಘಾತವಾಗಿತ್ತು. ಆ ಟಯರುಗಳನ್ನು ಬಳಸುತ್ತಿದ್ದ 14 ಕಾರುಗಳು ಪಂದ್ಯದ ದಿನ ಒಂದು ಸುತ್ತು ಬಂದು, ಸ್ಪರ್ಧೆ ಆರಂಭವಾಗುವ ಮುನ್ನವೇ ಹಿಂದೆ ಸರಿದುಬಿಟ್ಟವು. ಕಣಕ್ಕಿಳಿದದ್ದು ಆರೇ ಕಾರುಗಳು, ಕಾರ್ತಿಕೇಯನ್ ನಾಲ್ಕನೆಯವರಾದರು. ಲಕ್ಷಾಂತರ ಪ್ರೇಕ್ಷಕರ ಸಿಟ್ಟನ್ನು ಸಹಿಸಿಯೂ ಆ 14 ಮಂದಿ ನಿಂತರು. ಜಗತ್ತಿನ ಅತಿವೇಗದ ಚಾಲಕರು ನಿಲ್ಲಲು ನಾಚಲಿಲ್ಲವೆಂದ ಮೇಲೆ, ಮದುವೆಗೆ ಬಂದ ಸೋದರಳಿಯನು ಗೆಳೆಯರ ಕೂಗಾಟಕ್ಕೆ ಸೋತು ಕಾಲೊತ್ತುವುದರಲ್ಲಿ ಯಾವ ಶೌರ್ಯವೂ ಇಲ್ಲ. ವೇಗದ ರುಚಿ ನೋಡಲೇಬೇಕೆನ್ನುವವರಿಗೆ ಚೆಟ್ಟಿಪಾಳ್ಯದಂಥ ಪಂದ್ಯಪಥಗಳಿವೆ. ಅಲ್ಲಿ ಎದುರಿನಿಂದ ಯಾರೂ ಬರುವುದಿಲ್ಲ.

ಸಂಸಾರವಂದಿಗರು ಕೆಲವು ಮಾತುಗಳನ್ನು ಮನಸ್ಸಿನಲ್ಲಿಡಬೇಕು. ಇಂಥ ಕಾರಿನಲ್ಲಿ ಇಬ್ಬರಿಗೇ ಸ್ಥಳ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದು ಸಲ್ಲದು. 14 ವರ್ಷದೊಳಗಿನ ಮಕ್ಕಳಿಗೂ ಪಟ್ಟಿ ಅಥವಾ ತಕ್ಕ ಆಸನ ಇರಲೇಬೇಕೆಂದು 2019ರ ತಿದ್ದುಪಡಿಯು ವಿಧಿಸಿದೆ. 18 ತುಂಬದ ಮಗನ ಕೈಗೆ ಕೀಲಿಕೈ ಕೊಟ್ಟು ಅವನಿಂದ ಅಪರಾಧ ನಡೆದರೆ, ತಂದೆತಾಯಿಗಳಿಗೂ ವಾಹನದ ಒಡೆಯರಿಗೂ 3 ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡದ ಶಿಕ್ಷೆಯಿದೆ. ಮಂಡಿನೋವಿನ ಹಿರಿಯರು ತಗ್ಗಾದ ಆಸನದಲ್ಲಿ ಕೂತು ಏಳುವುದು ಕಷ್ಟ. ಅವರಿಗೆ ಹಿಂದಿನಿಂದ ಬರುವ ಮನೆಯ ಕಾರೇ ಲೇಸು. ಚಾಮರಾಜನಗರದ ಕಡೆಯಿಂದ ಬರುವ ನೆಂಟರು ದಿಂಬಂ ಘಾಟಿಯ 27 ತಿರುವುಗಳಲ್ಲಿ ಇಂಥ ಕಾರಿನ ಪರೀಕ್ಷೆ ನಡೆಸದೆ, ಸಾಧಾರಣ ವಾಹನದಲ್ಲಿ ಇಳಿದುಬಂದು ಕೊಯಮತ್ತೂರಿನಲ್ಲಿ ಆಸೆ ತೀರಿಸಿಕೊಳ್ಳಬಹುದು. ಬೆಳಕು ಹರಿದ ಮೇಲೆ ಹೊರಟು, ಮಧ್ಯಾಹ್ನ ಬಾಗಿಲು ಮುಚ್ಚುವ ಮೊದಲು ದರ್ಶನ ಮುಗಿಸಿ, ಬಿಸಿಲೇರುವಷ್ಟರಲ್ಲಿ ಮರಳುವುದು ಹಿತಕರ.

ಕಿರಿಯರ ಆಸೆಯನ್ನು ಬರಿಯ ಶೋಕಿಯೆಂದು ಹಿರಿಯರು ತಳ್ಳಿಹಾಕಬೇಕಾಗಿಲ್ಲ. ಸುಂದರವಾದ ಯಂತ್ರವನ್ನು ಮೆಚ್ಚುವುದೂ ಒಂದು ಸಂಸ್ಕಾರವೇ. ಹೊರಡುವ ಮುನ್ನ ಅವರಿಗೆ ತೇರಿನ ಬೆಣೆಯವರ ಮಾತನ್ನು ಹೇಳಿ ಕಳುಹಿಸಿದರೆ ಸಾಕು. ಕಾರು ಎಷ್ಟು ಬೇಗ ಓಡುತ್ತದೆಂಬುದನ್ನು ಮಾರುವವರು ಹೇಳಿಯೇ ಹೇಳುತ್ತಾರೆ. ಎಲ್ಲಿ ನಿಲ್ಲಬೇಕೆಂಬುದನ್ನು ಹೇಳಿಕೊಡಬೇಕಾದವರು ಮನೆಯವರು.